ಕ್ಲಬ್ ರೇಸಿಂಗಲ್ಲಿ ಕಾರುಗಳಿಗೆ ಕ್ಲಾಸ್ ಮಾಡೋದು ಹೇಗೆ: ಸಿಸಿ, ಪಾಯಿಂಟ್ಸ್, ಪವರ್-ಟು-ವೇಟ್, ಇಂಡೆಕ್ಸ್, ಸ್ಪೆಕ್ - ಯಾವುದು ಯಾರಿಗೆ ಸರಿ

ಆಟೋಕ್ರಾಸ್ (ಕೋನ್ ಇಟ್ಟ ಕೋರ್ಸಲ್ಲಿ ಒಬ್ಬೊಬ್ಬರಾಗಿ ಟೈಮಿಗೆ ಓಡೋದು) ಆಗ್ಲಿ ಟೈಮ್ ಅಟ್ಯಾಕ್ (ಟ್ರ್ಯಾಕಲ್ಲಿ ಅತಿ ಕಮ್ಮಿ ಲ್ಯಾಪ್ ಟೈಮಿಗೆ ಪೈಪೋಟಿ) ಆಗ್ಲಿ ಸಣ್ಣ ಸರ್ಕ್ಯೂಟ್ ರೇಸ್ ಆಗ್ಲಿ, ಹವ್ಯಾಸಿಗಳು ಸೇರ್ಕೊಂಡು ಏನೇ ಶುರು ಮಾಡಿದ್ರೂ ಮೊದಲ ಜಗಳ ಕ್ಲಾಸ್ ಪಟ್ಟಿ ಮೇಲೇ ಬರೋದು. ಹದಿನೈದು ವರ್ಷ ಹಳೇ ಹ್ಯಾಚ್‌ಬ್ಯಾಕ್, ಮೊನ್ನೆ ಮೊನ್ನೆ ಶೋರೂಮಿಂದ ಇಳಿದ ಟರ್ಬೊ ಸೆಡಾನ್, ಸೀಟೆಲ್ಲ ಕಿತ್ತು ರೋಲ್ ಕೇಜ್ ಕೂರಿಸಿರೋ ಇನ್ನೊಂದು ಕಾರು, ಎಲ್ಲ ಒಂದೇ ಪ್ಯಾಡಕ್‌ಗೆ ಬಂದು ನಿಲ್ತವೆ, ಯಾರು ಯಾರ ಜೊತೆ ಪೈಪೋಟಿ ಮಾಡ್ಬೇಕು ಅನ್ನೋದನ್ನ ಯಾರಾದ್ರೂ ಕೂತು ಬರೀಲೇಬೇಕು. ಪೂರ್ತಿ ನ್ಯಾಯ ಬೇಕು ಅಂತ ಹೊರಟ್ರೆ ರೂಲ್ ಬುಕ್ ನೂರು ಪುಟ ದಾಟತ್ತೆ, ಓದೋರು ಇರಲ್ಲ. ಸಿಂಪಲ್ಲಾಗಿರ್ಲಿ ಅಂತ ಮೂರೇ ಸಾಲು ಬರೆದ್ರೆ ಎರಡನೇ ಈವೆಂಟ್‌ಗೇ ಒಂದೇ ಮಾಡೆಲ್ ಕಾರು ಎಲ್ಲ ಟ್ರೋಫಿ ತಗೊಂಡು ಹೋಗತ್ತೆ, ಉಳಿದೋರು ಮೂರನೇದಕ್ಕೆ ಬರೋದೇ ನಿಲ್ಲಿಸ್ತಾರೆ.

ನಾನು ಯಾವ ಪದ್ಧತಿ ನೋಡಿದ್ರೂ ಎರಡೇ ಪ್ರಶ್ನೆ ಕೇಳೋದು. ಒಂದು, ಈವೆಂಟ್ ದಿನ ಬೆಳಗ್ಗೆ ಸ್ಕ್ರೂಟಿನಿಗೆ (ಕಾರಿನ ಪರಿಶೀಲನೆಗೆ) ನಿಂತಿರೋ ಇಬ್ಬರು ಮೂವರು ಜನ, ಅವರ ಹತ್ರ ಇರೋ ಸಾಮಾನು, ಇಷ್ಟರಲ್ಲೇ ಈ ರೂಲನ್ನ ಚೆಕ್ ಮಾಡಕ್ಕಾಗತ್ತಾ? ಎರಡು, ಹೊಸಬ ಒಬ್ಬ ಫೋನಲ್ಲಿ ರೂಲ್ ಓದಿ ಯಾರನ್ನೂ ಕೇಳದೇ ಐದು ನಿಮಿಷದಲ್ಲಿ ತನ್ನ ಕ್ಲಾಸ್ ಯಾವುದು ಅಂತ ಹೇಳ್ತಾನಾ? ಮೊದಲನೇದೇ ಮುಖ್ಯ. ಚೆಕ್ ಮಾಡಕ್ಕಾಗದ ರೂಲು ಕಾಗದದ ಮೇಲೆ ಎಷ್ಟೇ ನ್ಯಾಯವಾಗಿ ಕಂಡ್ರೂ ಅದರಿಂದ ನಷ್ಟ ಆಗೋದು ಅದನ್ನ ಪಾಲಿಸೋನಿಗೇ, ಲಾಭ ಆಗೋದು ಮುರಿಯೋನಿಗೇ. ಒರಟಾಗಿದ್ರೂ ಪರವಾಗಿಲ್ಲ, ಅಳತೆ ಮಾಡಿ ತೋರಿಸಕ್ಕಾಗೋ ರೂಲೇ ಬೇಕು ಅನ್ನೋದು ನನ್ನ ನಿಲುವು, ಕೆಳಗಿನ ಹೋಲಿಕೆ ಎಲ್ಲ ಅದೇ ಕಣ್ಣಿಂದ ಬರೆದಿರೋದು.

ಎಂಜಿನ್ ಸಿಸಿ

ಎಲ್ಲಕ್ಕಿಂತ ಹಳೇದು, ಎಲ್ಲಕ್ಕಿಂತ ಸುಲಭ. 1400 ಸಿಸಿ ತನಕ ಒಂದು ಕ್ಲಾಸು, 1600 ತನಕ ಒಂದು, 2000 ತನಕ ಒಂದು, ಅದರ ಮೇಲೆ ಓಪನ್. ಗಾಡಿ ಪೇಪರ್ಸ್ ನೋಡಿದ್ರೆ ಮುಗೀತು. ಕಾರುಗಳೆಲ್ಲ ನ್ಯಾಚುರಲಿ ಆಸ್ಪಿರೇಟೆಡ್ (ಟರ್ಬೊ ಥರದ್ದೇನೂ ಇಲ್ಲದವು) ಆಗಿದ್ದ ಕಾಲದಲ್ಲಿ ಸಿಸಿಗೂ ಪವರ್‌ಗೂ ಒಂದು ಮಟ್ಟದ ಸಂಬಂಧ ಇತ್ತು, ಹಾಗಾಗಿ ಇದು ನಡೀತಿತ್ತು. ಟರ್ಬೊ ಬಂದ್ಮೇಲೆ ಲೆಕ್ಕ ಕೆಟ್ಟುಹೋಯ್ತು, ಅದಕ್ಕೆ ಮೋಟಾರ್ ರೇಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಟರ್ಬೊ ಎಂಜಿನ್ ಸಿಸಿಯನ್ನ ಒಂದು ಸಂಖ್ಯೆಯಿಂದ ಗುಣಿಸೋ ಪದ್ಧತಿ ತಂತು, ಮೊದಲು 1.4 ಇತ್ತು, ಆಮೇಲೆ 1.7 ಆಯ್ತು.

ಗುಣಾಕಾರ ಬಂದ ತಕ್ಷಣ ಎಂಜಿನಿಯರ್‌ಗಳು ಏನು ಮಾಡ್ತಾರೆ ಅನ್ನೋದಕ್ಕೆ 1985ರ ಲ್ಯಾನ್ಸಿಯಾ ಡೆಲ್ಟಾ ಎಸ್4 ನೋಡಿ. ಗ್ರೂಪ್ ಬಿ ಅನ್ನೋ ವಿಭಾಗದ ರ್‍ಯಾಲಿ ಕಾರು ಅದು, ಎಂಜಿನ್ 1759 ಸಿಸಿ. ಯಾಕೆ ಇಂಥ ವಿಚಿತ್ರ ಅಳತೆ ಅಂದ್ರೆ 1759ನ್ನ 1.4ರಿಂದ ಗುಣಿಸಿದ್ರೆ ಸುಮಾರು 2463 ಬರತ್ತೆ, 2500ರ ಕ್ಲಾಸಿನ ಒಳಗೇ ಕೂರತ್ತೆ, ಆ ಕ್ಲಾಸಿಗೆ ಕನಿಷ್ಠ ತೂಕ 890 ಕೆಜಿ ಸಾಕು. ಮೇಲಿನ ಕ್ಲಾಸಿಗೆ ಹೋದ್ರೆ ಜಾಸ್ತಿ ತೂಕ ಹೊರಬೇಕಿತ್ತು. ಆ ಎಂಜಿನ್‌ಗೆ ಟರ್ಬೊ ಸೂಪರ್‌ಚಾರ್ಜರ್ ಎರಡನ್ನೂ ಹಾಕಿದ್ರು. ಪೂಜೋ 205 ಟಿ16 ಕೂಡ ಅದೇ ಲೆಕ್ಕದಲ್ಲಿ 1775 ಸಿಸಿ. ಫ್ಯಾಕ್ಟರಿ ತಂಡಗಳು ರೂಲ್ ನೋಡಿ ಎಂಜಿನ್ ಮಾಡ್ಕೊಂಡ್ವು, ಸರಿ. ಕ್ಲಬ್ ಮಟ್ಟದಲ್ಲಿ ಯಾರೂ ಎಂಜಿನ್ ಮಾಡಲ್ಲ, ಇರೋ ಕಾರನ್ನೇ ತರ್ತಾರೆ, ಅಲ್ಲಿ ಈ 1.7 ಉಲ್ಟಾ ಹೊಡೆಯತ್ತೆ. ಮನೆಮಂದಿಗೆ ಅಂತ ಮಾಡಿರೋ 999 ಸಿಸಿ ಟರ್ಬೊ ಕಾರು, 100-120 ಎಚ್‌ಪಿ ಇರತ್ತೆ ಅಷ್ಟೆ, ಅದು ಗುಣಿಸಿದಾಗ 1698 ಆಗಿ 1600ರ ಕ್ಲಾಸ್ ದಾಟಿ 2000ದ ಕ್ಲಾಸಿಗೆ ಹೋಗಿ ಬೀಳತ್ತೆ, ಅಲ್ಲಿ 200 ಎಚ್‌ಪಿ ಇರೋ ಎರಡು ಲೀಟರ್ ಕಾರು ಕಾಯ್ತಾ ಇರತ್ತೆ. ಇನ್ನು ಎಲೆಕ್ಟ್ರಿಕ್ ಕಾರಿಗೆ ಸಿಸಿನೇ ಇಲ್ಲ, ಅದನ್ನ ಎಲ್ಲಿ ಇಡ್ತೀರಾ?

ಎಲ್ಲರ ಕಾರೂ ಹೆಚ್ಚುಕಮ್ಮಿ ಒಂದೇ ಕಾಲದ್ದು, ಟರ್ಬೊ ಕಮ್ಮಿ, ಅಂಥ ಗುಂಪಿಗೆ ಮಾತ್ರ ಸಿಸಿ ಸಾಕು.

ಮಾಡೆಲ್ ಪಟ್ಟಿ, ಜೊತೆಗೆ ಟಯರ್ ವಿಚಾರ

ಎರಡನೇ ದಾರಿ ಅಂದ್ರೆ ಒಂದೊಂದು ಮಾಡೆಲ್ ಹೆಸರು ಹಿಡಿದು ಇದು ಈ ಕ್ಲಾಸು ಅಂತ ಬರೆದುಬಿಡೋದು. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಆಟೋಕ್ರಾಸ್‌ನ ಸ್ಟ್ರೀಟ್ ವಿಭಾಗ ಹೀಗೇ ಇರೋದು. ಕಾರು ಹೆಚ್ಚುಕಮ್ಮಿ ಶೋರೂಮ್ ಸ್ಥಿತೀಲೇ ಇರ್ಬೇಕು, ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್ ಅಂಥ ಕೆಲವನ್ನ ಮಾತ್ರ ಬದಲಾಯಿಸ್ಬಹುದು. ಹೊಸಬನಿಗೆ ಇದರಷ್ಟು ಆರಾಮ ಇನ್ನೊಂದಿಲ್ಲ, ತನ್ನ ಕಾರಿನ ಹೆಸರು ಹುಡುಕಿದ್ರೆ ಕ್ಲಾಸ್ ಸಿಕ್ತು.

ಕಷ್ಟ ಏನಂದ್ರೆ ಪಟ್ಟಿ ನೋಡ್ಕೊಳ್ಳೋಕೆ ಜನ ಬೇಕು, ಪ್ರತಿ ವರ್ಷ ಹೊಸ ಮಾಡೆಲ್ ಬರ್ತಾನೇ ಇರತ್ತೆ. ಅದಕ್ಕಿಂತ ದೊಡ್ಡದು, ಪ್ರತಿ ಕ್ಲಾಸಲ್ಲೂ ಯಾವುದೋ ಒಂದು ಕಾರು ಉಳಿದವಕ್ಕಿಂತ ಸ್ವಲ್ಪ ಮುಂದೆ ಇದ್ದೇ ಇರತ್ತೆ, ಗೆಲ್ಲಬೇಕು ಅನ್ನೋರು ಅದನ್ನೇ ಹುಡುಕಿ ಕೊಂಡ್ಕೊಳ್ತಾರೆ, ಎರಡು ಸೀಸನ್ ಕಳೆಯೋದ್ರೊಳಗೆ ಆ ಕ್ಲಾಸಲ್ಲಿ ಬೇರೆ ಕಾರೇ ಕಾಣಲ್ಲ. ಅದನ್ನ ತಡೆಯೋಕೆ ಅಂತ ಕ್ಲಾಸ್ ಜಾಸ್ತಿ ಮಾಡ್ತಾ ಹೋದ್ರೆ ಅರವತ್ತು ಕಾರಿಗೆ ಇಪ್ಪತ್ತೈದು ಕ್ಲಾಸ್ ಆಗತ್ತೆ, ಒಂದೊಂದರಲ್ಲಿ ಇಬ್ಬಿಬ್ಬರು, ಬಂದೋರಿಗೆಲ್ಲ ಟ್ರೋಫಿ. ಒಂದು ಕ್ಲಾಸಲ್ಲಿ ಕಮ್ಮಿ ಅಂದ್ರೂ ಐದಾರು ಜನ ಇಲ್ದಿದ್ರೆ ಅದನ್ನ ಪಕ್ಕದ್ದಕ್ಕೆ ಸೇರಿಸಿಬಿಡಿ, ಸ್ವಲ್ಪ ಅನ್ಯಾಯ ಆದ್ರೂ ಪೈಪೋಟಿ ಉಳಿಯತ್ತೆ.

ಟಯರ್ ಬಗ್ಗೆ ಇಲ್ಲೇ ಹೇಳ್ಬೇಕು, ಯಾಕಂದ್ರೆ ಯಾವ ಪದ್ಧತಿ ತಗೊಂಡ್ರೂ ಈ ತಲೆನೋವು ಬಿಡಲ್ಲ. ಮಾಮೂಲಿ ರೋಡ್ ಟಯರ್ ತೆಗೆದು ಸ್ಲಿಕ್ (ಗೆರೆ ಇಲ್ಲದ ರೇಸ್ ಟಯರ್) ಹಾಕಿದ್ರೆ ಎಂಜಿನ್ ಮುಟ್ಟದೇನೇ ಲ್ಯಾಪಿಗೆ ಸೆಕೆಂಡ್‌ಗಟ್ಟಲೆ ಉಳಿಯತ್ತೆ. ಅದಕ್ಕೇ ತುಂಬ ಕಡೆ ಟ್ರೆಡ್‌ವೇರ್ (ಟಯರ್ ಎಷ್ಟು ನಿಧಾನ ಸವೆಯತ್ತೆ ಅನ್ನೋ ನಂಬರ್) 200ಕ್ಕಿಂತ ಕಮ್ಮಿ ಇರೋ ಟಯರ್ ಬೇಡ ಅಂತ ಬರೀತಾರೆ. ಟಯರಿನ ಪಕ್ಕದ ಗೋಡೆ ಮೇಲೆ ಆ ನಂಬರ್ ಅಚ್ಚಾಗಿರತ್ತೆ, ಬಗ್ಗಿ ಟಾರ್ಚ್ ಬಿಟ್ಟು ಓದಿದ್ರೆ ಚೆಕ್ಕಿಂಗ್ ಆಯ್ತು. ಚೆಕ್ ಮಾಡೋಕೆ ಇಷ್ಟು ಸುಲಭದ ರೂಲು ಬೇರೆ ಇಲ್ಲ. ಆದ್ರೆ ಆ ನಂಬರ್ ಕೊಡೋದು ಟಯರ್ ಕಂಪನಿಯೇ, ಅದು ಸವೆತದ ಲೆಕ್ಕವೇ ಹೊರತು ಗ್ರಿಪ್ಪಿನ ಲೆಕ್ಕ ಅಲ್ಲ, ಹಾಗಾಗಿ 200 ಅಂತ ಅಚ್ಚು ಹಾಕ್ಕೊಂಡು ರೇಸಿಗೇ ಅಂತ ಮಾಡಿರೋ ಟಯರ್‌ಗಳು ಮಾರ್ಕೆಟ್‌ಗೆ ಬಂದ್ವು. ಎರಡು 200ರ ಟಯರ್ ಮಧ್ಯೆ ಸಿಕ್ಕಾಪಟ್ಟೆ ವ್ಯತ್ಯಾಸ ಇರ್ಬಹುದು. ಅದಕ್ಕೆ ನನ್ನ ಸಲಹೆ, ನಂಬರ್ ಜೊತೆಗೆ ಬೇಡದ ಟಯರ್‌ಗಳ ಹೆಸರಿನ ಒಂದು ಸಣ್ಣ ಪಟ್ಟಿ ಇಡಿ, ಆ ಟಯರ್ ಹಾಕ್ಕೊಂಡು ಬಂದೋರು ಒಂದು ಕ್ಲಾಸ್ ಮೇಲೆ ಓಡ್ಲಿ. ಯಾರನ್ನೂ ವಾಪಸ್ ಕಳಿಸೋದು ಬೇಡ.

ಮಾಡಿಫಿಕೇಶನ್ ಪಾಯಿಂಟ್ಸ್

ಕಾರಿಗೆ ಇಷ್ಟು ಪಾಯಿಂಟು, ಕ್ಯಾಮ್‌ಶಾಫ್ಟ್‌ಗೆ ಇಷ್ಟು, ಎಕ್ಸಾಸ್ಟ್‌ಗೆ ಇಷ್ಟು, ಕೂಡಿಸಿ ಬಂದ ಮೊತ್ತದ ಮೇಲೆ ಕ್ಲಾಸು. ಕೇಳೋಕೆ ತುಂಬ ನ್ಯಾಯ ಅನ್ಸತ್ತೆ. ಅಮೆರಿಕದ ಚಾಂಪ್‌ಕಾರ್ ಎಂಡ್ಯೂರೆನ್ಸ್ ಸರಣಿಲಿ ಕಾರಿಗೊಂದು ಬೆಲೆ ಕಟ್ಟಿ ಒಟ್ಟು 500 ಪಾಯಿಂಟ್ ಮಿತಿ ಇಟ್ಟಿದ್ದಾರೆ, ದಾಟಿದ್ರೆ ರೇಸ್ ಶುರು ಆಗೋ ಮುಂಚೆನೇ ಪೆನಾಲ್ಟಿ ಲ್ಯಾಪು. ಅಲ್ಲಿ ರೇಸು ಗಂಟೆಗಟ್ಟಲೆ ನಡೆಯತ್ತೆ, ಟೀಮುಗಳಿಗೆ ಫಾರ್ಮ್ ತುಂಬೋ ತಾಳ್ಮೆ ಇರತ್ತೆ, ಪರಿಶೀಲನೆಗೆ ಜನ ಇರ್ತಾರೆ, ಹಾಗಾಗಿ ನಡೆಯತ್ತೆ.

ಸಣ್ಣ ಕ್ಲಬ್‌ಗೆ ಇದನ್ನ ನಾನು ಬೇಡ ಅಂತೀನಿ. ಒಂದೇ ಪಾರ್ಟು ಎರಡು ಕಾರಲ್ಲಿ ಒಂದೇ ಥರ ಕೆಲಸ ಮಾಡಲ್ಲ. ನ್ಯಾಚುರಲಿ ಆಸ್ಪಿರೇಟೆಡ್ ಕಾರಿಗೆ ಏರ್ ಇನ್‌ಟೇಕ್ ಹಾಕಿದ್ರೆ ಸೌಂಡ್ ಬದಲಾಗತ್ತೆ ಅಷ್ಟೆ, ಅದೇ ಟರ್ಬೊ ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ರೀಮ್ಯಾಪ್ ಮಾಡಿದ್ರೆ ಒಂದು ಬೋಲ್ಟ್ ಬಿಚ್ಚದೇ ಹತ್ತಾರು ಎಚ್‌ಪಿ ಬಂದ್ಬಿಡತ್ತೆ, ಬಾನೆಟ್ ಎತ್ತಿ ನೋಡಿದ್ರೆ ಏನೂ ಕಾಣಲ್ಲ. ಅಂದ್ರೆ ಪ್ರಾಮಾಣಿಕವಾಗಿ ಇನ್‌ಟೇಕ್ ಬರೆದೋನಿಗೆ ಪಾಯಿಂಟ್ ಬಿತ್ತು, ರೀಮ್ಯಾಪ್ ಬರೀದೇ ಬಿಟ್ಟೋನು ಕೆಳಗಿನ ಕ್ಲಾಸಲ್ಲಿ ಗೆದ್ದ. ಕ್ಯಾಮ್, ಕಂಪ್ರೆಶನ್, ಗೇರ್‌ಬಾಕ್ಸ್ ಒಳಗಿನ ಡಿಫರೆನ್ಶಿಯಲ್, ಇವನ್ನ ನೋಡ್ಬೇಕಾದ್ರೆ ಬಿಚ್ಚಲೇಬೇಕು, ಭಾನುವಾರ ಸಂಜೆ ಯಾರು ಬಿಚ್ತಾರೆ? ಮತ್ತೆ ಪ್ರತಿ ಸೀಸನ್ ಮುಗಿದಾಗ ಆ ಪಾರ್ಟಿಗೆ ಪಾಯಿಂಟ್ ಜಾಸ್ತಿ ಆಯ್ತು, ಈ ಪಾರ್ಟಿಗೆ ಕಮ್ಮಿ ಆಯ್ತು ಅಂತ ವಾದ, ಫಾರ್ಮಿಗೆ ಇನ್ನೊಂದು ಹತ್ತು ಸಾಲು ಸೇರತ್ತೆ.

ಪವರ್-ಟು-ವೇಟ್

ನನಗೆ ಹೆಚ್ಚು ಒಪ್ಪಿಗೆ ಆಗೋದು ಇದೇ. ನೀವು ಏನು ಬೇಕಾದ್ರೂ ಹಾಕ್ಕೊಳ್ಳಿ, ಕೊನೇಲಿ ಎಷ್ಟು ಪವರ್ ಬರ್ತಿದೆ, ಕಾರು ಎಷ್ಟು ತೂಗತ್ತೆ, ಭಾಗಿಸಿ ನೋಡೋಣ ಅನ್ನೋದು. ಯಾವ ಬ್ರ್ಯಾಂಡು, ಎಷ್ಟು ಸಿಸಿ, ಟರ್ಬೊ ಇದೆಯಾ ಇಲ್ವಾ, ಯಾವ ಪಾರ್ಟ್ ಹಾಕಿದಾನೆ ಅನ್ನೋ ಪ್ರಶ್ನೆಗಳೆಲ್ಲ ಒಂದೇ ಏಟಿಗೆ ಬಿದ್ದುಹೋಗತ್ತೆ. ಅಮೆರಿಕದ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಶನ್‌ನ ಸೂಪರ್ ಟೂರಿಂಗ್ ಕ್ಲಾಸುಗಳು ಈ ತತ್ವದ ಮೇಲೇ ನಿಂತಿರೋದು, ಒಂದು ಎಚ್‌ಪಿಗೆ ಇಷ್ಟು ಪೌಂಡ್ ತೂಕ ಇರ್ಲೇಬೇಕು ಅಂತ ಕ್ಲಾಸಿಗೊಂದು ಗೆರೆ. ಎಸ್‌ಟಿ3ಗೆ 10, ಎಸ್‌ಟಿ4ಗೆ 12, ಎಸ್‌ಟಿ5ಗೆ 14 ಪೌಂಡ್, ಹೀಗೆ. ಅವರು ಪವರ್ ಗ್ರಾಫಿನ ತುದಿ ಒಂದನ್ನೇ ನೋಡಲ್ಲ, ಸುತ್ತಮುತ್ತಲ ಆರ್‌ಪಿಎಂಗಳ ಪವರನ್ನೂ ಸೇರಿಸಿ ಸರಾಸರಿ ತಗೋತಾರೆ, ಯಾಕಂದ್ರೆ ತುದಿಯನ್ನ ಮೊಟಕು ಮಾಡಿ ಗ್ರಾಫನ್ನ ಮೇಜಿನ ಥರ ಚಪ್ಪಟೆ ಮಾಡ್ಕೊಂಡ್ರೆ ಪೀಕ್ ನಂಬರ್ ಕಮ್ಮಿ ತೋರಿಸಿ ಟ್ರ್ಯಾಕಲ್ಲಿ ಮಾತ್ರ ಜೋರಾಗಿ ಓಡ್ಬಹುದು. ಇಸಿಯು ಕಾಲದಲ್ಲಿ ಇದು ಕಷ್ಟದ ಕೆಲಸವೇ ಅಲ್ಲ.

ಇದರಲ್ಲೂ ತೂತುಗಳಿವೆ. 1000 ಕೆಜಿ, 100 ಎಚ್‌ಪಿ ಕಾರು ಒಂದು, 1500 ಕೆಜಿ, 150 ಎಚ್‌ಪಿ ಕಾರು ಇನ್ನೊಂದು ಅಂತ ಇಟ್ಕೊಳ್ಳಿ. ಭಾಗಿಸಿದ್ರೆ ಎರಡೂ ಒಂದೇ. ಆದ್ರೆ ಬ್ರೇಕಿಂಗಲ್ಲಿ, ತಿರುವಲ್ಲಿ ಹಗುರದ ಕಾರಿಗೇ ಮೇಲುಗೈ, ಯಾಕಂದ್ರೆ ಟಯರ್ ಮೇಲೆ ತೂಕ ಜಾಸ್ತಿ ಆದಷ್ಟೂ ಗ್ರಿಪ್ಪು ಅದೇ ಪ್ರಮಾಣದಲ್ಲಿ ಜಾಸ್ತಿ ಆಗಲ್ಲ. ಉದ್ದನೇ ಸ್ಟ್ರೇಟ್ ಬಂತು ಅಂದ್ರೆ ಆಟ ತಿರುಗತ್ತೆ, ಎರಡು ಕಾರಿಗೂ ಗಾಳಿ ಒಡ್ಡೋ ತಡೆ ಹೆಚ್ಚುಕಮ್ಮಿ ಒಂದೇ ಇರೋದ್ರಿಂದ ಅಲ್ಲಿ 150 ಎಚ್‌ಪಿ ಇರೋನು ಎಳ್ಕೊಂಡು ಹೋಗ್ತಾನೆ. ಇದನ್ನೆಲ್ಲ ಸರಿ ಮಾಡೋಕೆ ಅಂತ ಟಯರ್ ಅಗಲಕ್ಕೆ ಇಷ್ಟು, ರೆಕ್ಕೆಗೆ (ಗಾಳಿಯಿಂದ ಕಾರನ್ನ ನೆಲಕ್ಕೆ ಒತ್ತೋ ವಿಂಗ್) ಇಷ್ಟು, ಫ್ರಂಟ್ ವೀಲ್ ಡ್ರೈವ್‌ಗೆ ಇಷ್ಟು ರಿಯಾಯಿತಿ ಅಂತ ಸಂಖ್ಯೆಗಳನ್ನ ಸೇರಿಸ್ತಾ ಹೋಗ್ತಾರೆ, ದೊಡ್ಡ ಸಂಸ್ಥೆಗಳು ಹಾಗೇ ಮಾಡಿರೋದು. ನೀವು ಮಾಡೋದಾದ್ರೆ ಎರಡೇ ತಿದ್ದುಪಡಿ ಇಡಿ, ಟಯರಿಗೆ ಒಂದು, ದೊಡ್ಡ ರೆಕ್ಕೆ, ಸ್ಪ್ಲಿಟರ್‌ಗೆ (ಮುಂದಿನ ಬಂಪರ್ ಕೆಳಗಿನ ಹಲಗೆ) ಒಂದು. ಮೂರನೇದು ಸೇರಿಸಿದ ದಿನದಿಂದ ಅದು ಪಾಯಿಂಟ್ಸ್ ಪದ್ಧತಿ ಆಗೋಕೆ ಶುರು.

ಚೆಕ್ ಮಾಡೋದು ಹೇಗೆ? ತೂಕ ಸುಲಭ. ನಾಲ್ಕು ಚಕ್ರಕ್ಕೆ ನಾಲ್ಕು ಸ್ಕೇಲ್ ಪ್ಯಾಡ್, ಕೆಳಗೆ ನೆಲ ಸಮ ಇರ್ಬೇಕು, ರನ್ ಮುಗಿಸಿ ಬಂದ ಕಾರನ್ನ ಡ್ರೈವರ್ ಸಮೇತ, ಟ್ಯಾಂಕಲ್ಲಿ ಇದ್ದಷ್ಟು ಪೆಟ್ರೋಲ್ ಸಮೇತ ಹತ್ತಿಸಿ ನಂಬರ್ ಓದೋದು. ಕನಿಷ್ಠ ತೂಕ ಅಂದ್ರೆ ಡ್ರೈವರ್ ಸೇರಿಸಿ ಅಂತ ರೂಲಲ್ಲಿ ಸ್ಪಷ್ಟವಾಗಿ ಬರೀರಿ, ಇಲ್ಲಾಂದ್ರೆ ಮೈಕಟ್ಟು ದಪ್ಪ ಇರೋರಿಗೆ ಶಾಶ್ವತ ಅನ್ಯಾಯ. ಪವರ್ ಅಳೆಯೋದೇ ಕಷ್ಟ. ಒಂದು ಡೈನೋ (ಪವರ್ ಅಳೆಯೋ ಯಂತ್ರ) ತೋರಿಸಿದ್ದನ್ನ ಇನ್ನೊಂದು ಡೈನೋ ತೋರಿಸಲ್ಲ, ಅದೇ ಡೈನೋ ಬಿಸಿಲಲ್ಲಿ ಒಂದು ಚಳೀಲಿ ಒಂದು ಹೇಳತ್ತೆ, ಇಸಿಯುನಲ್ಲಿ ಎರಡು ಮ್ಯಾಪ್ ಇಟ್ಕೊಂಡು ಡೈನೋಗೆ ಒಂದು ಟ್ರ್ಯಾಕಿಗೆ ಒಂದು ಬಳಸೋರೂ ಇರ್ತಾರೆ. ಇದಕ್ಕೆ ಒಳ್ಳೇ ಮದ್ದು ಜಿಪಿಎಸ್ ಡೇಟಾ ಲಾಗರ್, ತೂಕ ಗೊತ್ತಿದ್ದು ಸ್ಟ್ರೇಟಲ್ಲಿ ಕಾರು ಎಷ್ಟು ಬೇಗ ಸ್ಪೀಡ್ ತಗೊಳ್ತು ಅಂತ ಸಿಕ್ಕಿದ್ರೆ ಪವರ್ ಎಷ್ಟು ಅಂತ ಅಂದಾಜು ಮಾಡ್ಬಹುದು, ಅದೂ ಕಾರು ನಿಜವಾಗ್ಲೂ ಓಡ್ತಿರೋ ಹೊತ್ತಲ್ಲಿ. ಕರಾರುವಾಕ್ಕಾಗಿ ಸಿಗಲ್ಲ, ಆದ್ರೆ 130 ಅಂತ ಬರೆಸಿ 170 ಇಟ್ಕೊಂಡಿರೋನು ಇದರಲ್ಲಿ ತಪ್ಪಿಸ್ಕೊಳ್ಳೋದು ಕಷ್ಟ. ಒಂದೋ ಎರಡೋ ಲಾಗರ್ ಕ್ಲಬ್ಬೇ ಇಟ್ಕೊಂಡು, ಯಾರ ಕಾರಿಗೆ ಅಂತ ಮೊದಲೇ ಹೇಳದೇ ಹಾಕಿದ್ರೆ ಸಾಕು.

ಎಲೆಕ್ಟ್ರಿಕ್ ಕಾರನ್ನೂ ಇದರಲ್ಲಿ ಕೂರಿಸ್ಬಹುದು, ಆದ್ರೆ ಬ್ಯಾಟರಿ ಬಿಸಿ ಆದ್ಮೇಲೆ ಪವರ್ ಇಳಿಯೋದ್ರಿಂದ ಒಂದು ನಿಮಿಷದ ಆಟೋಕ್ರಾಸಲ್ಲಿ ಒಂಥರ, ಇಪ್ಪತ್ತು ನಿಮಿಷದ ಸೆಶನಲ್ಲಿ ಇನ್ನೊಂಥರ.

ಇಂಡೆಕ್ಸ್

ಎಸ್‌ಸಿಸಿಎ ಆಟೋಕ್ರಾಸಲ್ಲಿ ಪ್ಯಾಕ್ಸ್ ಅಂತ ಒಂದು ಲೆಕ್ಕ ಓಡತ್ತೆ. ಪ್ರತಿ ಕ್ಲಾಸಿಗೆ ಒಂದು ಸಂಖ್ಯೆ, ನಿಮ್ಮ ಟೈಮನ್ನ ಅದರಿಂದ ಗುಣಿಸಿದ್ರೆ ಬರೋದು ಹೊಂದಿಸಿದ ಟೈಮು. ಉದಾಹರಣೆಗೆ ನಿಧಾನದ ಕ್ಲಾಸಿನ ಸಂಖ್ಯೆ 0.80, ಅವನ ಟೈಮ್ 60 ಸೆಕೆಂಡ್, ಅಂದ್ರೆ 48.00. ಜೋರಿನ ಕ್ಲಾಸಿನ ಸಂಖ್ಯೆ 0.85, ಟೈಮ್ 57, ಅಂದ್ರೆ 48.45. ಟ್ರ್ಯಾಕಲ್ಲಿ ಮೂರು ಸೆಕೆಂಡ್ ಹಿಂದೆ ಇದ್ದೋನು ಪಟ್ಟೀಲಿ ಮೇಲೆ ಬಂದ. ಬೇರೆ ಬೇರೆ ಕ್ಲಾಸಿನೋರೆಲ್ಲ ಒಂದೇ ಪಟ್ಟೀಲಿ ಹೋಲಿಸ್ಕೊಳ್ಬಹುದು ಅನ್ನೋದೇ ಇದರ ಮಜಾ, ಹದಿನೈದೇ ಕಾರು ಬರೋ ಈವೆಂಟಿಗೆ ಇದು ಜೀವ ಉಳಿಸತ್ತೆ.

ಆದ್ರೆ ಈ ಸಂಖ್ಯೆಗಳು ಬರೋದು ದೊಡ್ಡ ಈವೆಂಟುಗಳ ಫಲಿತಾಂಶದಿಂದ, ಅಂದ್ರೆ ಆ ಕ್ಲಾಸಿನ ಒಳ್ಳೇ ಕಾರು, ಪೂರ್ತಿ ತಯಾರಿ, ಪಳಗಿದ ಡ್ರೈವರ್, ಅವರ ಟೈಮಿಂದ. ಅದೇ ಕ್ಲಾಸಿನ ಹಿಂದುಳಿದ ಮಾಡೆಲ್ ಇಟ್ಕೊಂಡಿರೋನಿಗೆ ಆ ಸಂಖ್ಯೆ ಯಾವತ್ತೂ ಹೊಂದಲ್ಲ. ಕೋರ್ಸ್ ಬದಲಾದ್ರೂ ಅಷ್ಟೆ, ಕೋನ್‌ಗಳನ್ನ ಒತ್ತೊತ್ತಾಗಿ ಇಟ್ರೆ ಸಣ್ಣ ಕಾರಿಗೆ ಲಾಭ, ಅಗಲ ಬಿಟ್ರೆ ಪವರ್ ಇರೋನಿಗೆ ಲಾಭ, ಸಂಖ್ಯೆ ಮಾತ್ರ ಅದೇ. ನನ್ನ ಪ್ರಕಾರ ಕ್ಲಾಸ್ ಟ್ರೋಫಿ ಬೇರೆ ಇರ್ಲಿ, ಇಂಡೆಕ್ಸ್ ಪಟ್ಟಿಯನ್ನ ಪಕ್ಕದಲ್ಲಿ ಇನ್ನೊಂದು ಬಹುಮಾನಕ್ಕೆ ಇಡಿ.

ಟೈಮ್ ಬ್ರ್ಯಾಕೆಟ್

ಡ್ರ್ಯಾಗ್ ರೇಸಲ್ಲಿ (ನೇರ ದಾರೀಲಿ ಇಬ್ಬರ ಓಟ) ಇದು ಚೆನ್ನಾಗಿ ಬೇರೂರಿದೆ. ನಾನು 14.50 ಓಡ್ತೀನಿ ಅಂತ ನೀವು ಮೊದಲೇ ಬರೆದುಕೊಡ್ತೀರಿ, ಪಕ್ಕದೋನು 11.20 ಅಂತ ಬರೆದುಕೊಟ್ಟ, ಆಗ ನಿಮಗೆ 3.30 ಸೆಕೆಂಡ್ ಮುಂಚೆ ಹಸಿರು ಬೀಳತ್ತೆ. ಹೇಳಿದ್ದಕ್ಕಿಂತ ಜೋರಾಗಿ ಓಡಿದ್ರೆ ಬ್ರೇಕ್‌ಔಟ್, ಸೋತ್ರಿ, ಇಬ್ಬರೂ ಬ್ರೇಕ್‌ಔಟ್ ಆದ್ರೆ ಕಮ್ಮಿ ಮೀರಿದೋನು ಗೆದ್ದ. ಬಾನೆಟ್ ಎತ್ತೋ ಕೆಲಸವೇ ಇಲ್ಲ, ಗಡಿಯಾರವೇ ಸ್ಕ್ರೂಟಿನಿ. ನನ್ನ ಮೊದಲ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರ ಕೊಡೋ ಪದ್ಧತಿ ಮತ್ತೊಂದಿಲ್ಲ.

ಸರ್ಕ್ಯೂಟಿಗೆ ತಂದಾಗ ಮನಸ್ಸಿಗೆ ಕಸಿವಿಸಿ ಆಗತ್ತೆ ನೋಡಿ, 1:50ರಿಂದ 1:55ರ ಕ್ಲಾಸಲ್ಲಿ ಇರೋನು ಕೊನೇ ತಿರುವಲ್ಲಿ ಟೈಮರ್ ನೋಡಿ ಕಾಲು ಎತ್ತಬೇಕಾಗತ್ತೆ. ಇನ್ನೂ ಜೋರಾಗಿ ಹೋಗೋದನ್ನ ಕಲೀಲಿ ಅಂತ ತಾನೇ ಜನ ಇಲ್ಲಿಗೆ ಬರೋದು? ಪೂರ್ತಿ ಹೊಸಬರ ಗುಂಪಿಗೆ ಒಂದು ಸೀಸನ್ ಇಟ್ಟು ಆಮೇಲೆ ಬೇರೆ ಪದ್ಧತಿಗೆ ಹೋಗೋದಾದ್ರೆ ಒಳ್ಳೇದೇ.

ಸ್ಪೆಕ್ ಸೀರೀಸ್

ಎಲ್ಲರಿಗೂ ಒಂದೇ ಕಾರು, ಒಂದೇ ಟಯರು. ಡ್ರೈವರ್ ಯಾರು ಚೆನ್ನಾಗಿದಾರೆ ಅಂತ ಗೊತ್ತಾಗೋದು ಇದರಲ್ಲೇ. 1967ರಲ್ಲಿ ಶುರುವಾದ ಫಾರ್ಮುಲಾ ಫೋರ್ಡ್ ಇಂಥ ಕಟ್ಟುಪಾಡಿನ ಎಂಜಿನ್ ಇಟ್ಕೊಂಡೇ ಎಷ್ಟೋ ತಲೆಮಾರಿನ ಡ್ರೈವರ್‌ಗಳನ್ನ ಬೆಳೆಸ್ತು. ಆದ್ರೆ ಒಂದೇ ಕಾರು ಅಂದ ಮಾತ್ರಕ್ಕೆ ರೂಲ್ ಸಿಂಪಲ್ ಆಗತ್ತೆ ಅಂದ್ಕೋಬೇಡಿ. ಸ್ಪೆಕ್ ಮಿಯಾಟಾ ಅನ್ನೋ ಕ್ಲಾಸಲ್ಲಿ ಮಜ್ದಾ ಮಿಯಾಟಾದ ಬೇರೆ ಬೇರೆ ವರ್ಷದ, 1.6 ಮತ್ತೆ 1.8 ಲೀಟರಿನ ಕಾರುಗಳು ಸೇರ್ಕೊಂಡಿರೋದ್ರಿಂದ ಒಂದೊಂದಕ್ಕೆ ಒಂದೊಂದು ಕನಿಷ್ಠ ತೂಕ, ಕೆಲವಕ್ಕೆ ಗಾಳಿ ಹೋಗೋ ದಾರೀಲಿ ರಿಸ್ಟ್ರಿಕ್ಟರ್ ಪ್ಲೇಟ್ ಬೇಕಾಯ್ತು. ಎಲ್ಲ ಸಮ ಇದ್ದಾಗ ಅರ್ಧ ಎಚ್‌ಪಿಗೂ ಬೆಲೆ ಬರತ್ತೆ, 2014ರ ಎಸ್‌ಸಿಸಿಎ ರಾಷ್ಟ್ರೀಯ ಚಾಂಪಿಯನ್‌ಶಿಪ್ ರನ್‌ಆಫ್ಸ್‌ನಲ್ಲಿ ಮುಂಚೂಣೀಲಿ ಮುಗಿಸಿದ ಹಲವು ಮಿಯಾಟಾಗಳು ಸಿಲಿಂಡರ್ ಹೆಡ್ ಒಳಗಿನ ಸಣ್ಣ ಕೆತ್ತನೆ ಕೆಲಸಕ್ಕೆ ಡಿಸ್‌ಕ್ವಾಲಿಫೈ ಆದ್ವು. ಸ್ಪೆಕ್ ಮಾಡೋದಾದ್ರೆ ಎಂಜಿನ್‌ಗೆ ಸೀಲ್ ಹಾಕಿ, ಟಯರ್ ಕ್ಲಬ್ಬಿಂದಲೇ ಕೊಡಿ, ಒಂದೇ ಮಾಡೆಲಿನ ಎಂಟು ಹತ್ತು ಕಾರು ಸಿಗೋ ಖಾತ್ರಿ ಇದ್ರೆ ಮಾತ್ರ ಕೈ ಹಾಕಿ.

ದುಡ್ಡಿನ ಮಿತಿ, ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್

ಈ ಎರಡೂ ಬೇಗ ಮುಗಿಸ್ತೀನಿ. 2006ರಲ್ಲಿ ಶುರುವಾದ 24 ಅವರ್ಸ್ ಆಫ್ ಲೆಮನ್ಸ್ ಅನ್ನೋ ಅಗ್ಗದ ಕಾರುಗಳ ರೇಸ್ ಸರಣಿಲಿ ಕಾರಿಗೆ 500 ಡಾಲರ್ ಮಿತಿ, ಸುರಕ್ಷತೆಯ ಸಾಮಾನು ಆ ಲೆಕ್ಕಕ್ಕೆ ಬರಲ್ಲ. ಜಡ್ಜ್‌ಗಳು ನೋಡಿ, ಇದು ಅಷ್ಟಕ್ಕೆ ಬಂದಿರೋ ಕಾರಲ್ಲ ಅನ್ನಿಸಿದ್ರೆ ಪೆನಾಲ್ಟಿ ಲ್ಯಾಪ್ ಹಾಕ್ತಾರೆ, ಎ ಬಿ ಸಿ ಅಂತ ಕ್ಲಾಸೂ ಅವರೇ ಕೊಡ್ತಾರೆ. ಜಡ್ಜ್ ಮೇಲೆ ಎಲ್ಲರಿಗೂ ನಂಬಿಕೆ ಇದ್ರೆ ಇದಕ್ಕಿಂತ ಸರಳ ಇಲ್ಲ, ನಂಬಿಕೆ ಇಲ್ದಿದ್ರೆ ಒಂದು ದಿನವೂ ನಡಿಯಲ್ಲ. ಜಿಟಿ3 ಅನ್ನೋ ಸ್ಪೋರ್ಟ್ಸ್ ಕಾರ್ ರೇಸಲ್ಲಿರೋ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಅನ್ನ, ಅಂದ್ರೆ ಜೋರಿರೋ ಕಾರಿಗೆ ತೂಕ ಹಾಕಿ, ಪವರ್ ತಗ್ಗಿಸಿ ಎಲ್ಲರನ್ನೂ ಸಮ ಮಾಡೋದನ್ನ, ಹವ್ಯಾಸಿಗಳು ನಕಲು ಮಾಡೋದು ಬೇಡ್ವೇ ಬೇಡ, ಅದಕ್ಕೆ ಪ್ರತಿ ಕಾರಿನ ಡೇಟಾ ಬೇಕು, ಅದನ್ನ ಓದೋ ಎಂಜಿನಿಯರ್ ಬೇಕು, ಅಷ್ಟಾದ್ರೂ ತೂಕ ಬೀಳದೇ ಇರ್ಲಿ ಅಂತ ಬೇಕಂತ ನಿಧಾನ ಓಡೋರು ಇದ್ದೇ ಇರ್ತಾರೆ.

ಹಾಗಾದ್ರೆ ಯಾವುದು ತಗೊಳ್ಳೋದು

ಹದಿನೈದು ಇಪ್ಪತ್ತು ಕಾರು ಬರೋ ಆಟೋಕ್ರಾಸ್ ಆದ್ರೆ ಟಯರ್ ಮೇಲೆ ಎರಡೇ ಕ್ಲಾಸ್ ಮಾಡಿ, ಪಕ್ಕದಲ್ಲಿ ಇಂಡೆಕ್ಸ್ ಪಟ್ಟಿ ಇಡಿ. ನಲವತ್ತು ಐವತ್ತು ಕಾರು ಬರೋ ಟೈಮ್ ಅಟ್ಯಾಕ್ ಆದ್ರೆ ಪವರ್-ಟು-ವೇಟ್ ಮೇಲೆ ನಾಲ್ಕು ಕ್ಲಾಸು, ಟಯರ್ ಮತ್ತೆ ರೆಕ್ಕೆಗೆ ತಲಾ ಒಂದು ಹೆಜ್ಜೆ ಮೇಲೆ. ಮುಟ್ಟದೇ ಇರೋ ಕಾರಿಗೆ ಕಂಪನಿ ಹೇಳಿರೋ ಪವರನ್ನೇ ಒಪ್ಕೊಳ್ಳಿ, ಮಾಡಿಫೈ ಮಾಡಿದೋರು ಮಾತ್ರ ಡೈನೋ ಶೀಟ್ ತರ್ಲಿ, ಹೀಗಿದ್ರೆ ಹೊಸಬನಿಗೆ ಖರ್ಚಿಲ್ಲ. ಚಕ್ರಕ್ಕೆ ಚಕ್ರ ತಾಗೋ ಹಾಗೆ ಒಟ್ಟಿಗೆ ಓಡೋ ರೇಸ್ ಆದ್ರೆ ಮಾತು ಬೇರೆ, ಅಲ್ಲಿ ಲ್ಯಾಪ್ ಟೈಮ್ ಒಂದೇ ಇದ್ರೂ ಒಬ್ಬ ಸ್ಟ್ರೇಟಲ್ಲಿ ಜೋರು, ಇನ್ನೊಬ್ಬ ತಿರುವಲ್ಲಿ ಜೋರು ಆದ್ರೆ ಬ್ರೇಕಿಂಗ್ ಜಾಗದಲ್ಲಿ ಒಬ್ಬರಿಗೊಬ್ಬರು ಗುದ್ದೋ ಅಪಾಯ, ಹಾಗಾಗಿ ಸ್ಪೆಕ್ ಅಥವಾ ತುಂಬ ಹತ್ತಿರದ ಕಾರುಗಳ ಕ್ಲಾಸ್ ಬೇಕು.

ರೂಲ್ ಬರೆಯೋವಾಗ ಮಾಡಬಹುದು ಅಂತ ಬರೀದೇ ಇರೋದನ್ನ ಮಾಡೋ ಹಾಗಿಲ್ಲ ಅನ್ನೋ ಒಂದು ಸಾಲನ್ನ ಮೊದಲ ಪುಟದಲ್ಲೇ ಹಾಕಿ, ಮಾಡಿಫಿಕೇಶನ್‌ಗೆ ಮಿತಿ ಇರೋ ಕ್ಲಾಸುಗಳಲ್ಲಿ ಅರ್ಧ ವಾದ ಅಲ್ಲೇ ನಿಲ್ಲತ್ತೆ. ಇನ್ನೊಂದು, ಸೀಸನ್ ಮಧ್ಯದಲ್ಲಿ ಗೆರೆ ಬದಲಾಯಿಸ್ಬೇಡಿ, ಸುರಕ್ಷತೆ ವಿಷಯ ಬಿಟ್ಟು. ಒಬ್ಬ ನಿಮ್ಮ ರೂಲ್ ನಂಬಿ ಆರು ತಿಂಗಳ ಸಂಬಳ ಹಾಕಿ ಕಾರ್ ಕಟ್ಟಿರ್ತಾನೆ, ಮೂರನೇ ಈವೆಂಟಿಗೆ ಕ್ಲಾಸ್ ಬದಲಾಯಿಸಿದ್ರೆ ಅವನು ವಾಪಸ್ ಬರಲ್ಲ. ಅದರ ಬದಲು ಪ್ರತಿ ಈವೆಂಟಲ್ಲೂ ಯಾರು, ಯಾವ ಕಾರು, ಎಷ್ಟು ತೂಕ, ಯಾವ ಟಯರು, ಎಷ್ಟು ಟೈಮು ಅಂತ ಒಂದು ಶೀಟಲ್ಲಿ ಬರೆದಿಡಿ, ಎಲ್ಲರಿಗೂ ಕಾಣೋ ಹಾಗೆ. ವರ್ಷದ ಕೊನೇಲಿ ಆ ಶೀಟ್ ಮುಂದಿಟ್ಕೊಂಡು ಕೂತ್ರೆ ಯಾವ ಗೆರೆ ಎಷ್ಟು ಸರೀಬೇಕು ಅಂತ ಗೊತ್ತಾಗತ್ತೆ, ಒಂದು ಗೆರೆ ಮಾತ್ರ ಸರಿಸಿ, ಮುಂದಿನ ಸೀಸನ್‌ಗೆ ಮೂರು ತಿಂಗಳ ಮುಂಚೆನೇ ಎಲ್ಲರಿಗೂ ತಿಳಿಸಿ.